ಪೂರ್ತಿ ಕೇಳಿ ನಿಜ ಹೇಳುತ್ತಿದ್ದ ನಮ್ಮ ರಹಮತಣ್ಣ

ಸುಳ್ಳು ಅಂತ ಯಾರಾದರೂ ಹೇಳುತ್ತಾರೇನೋ ಅಂತ ಇನ್ನೂ ಫೋನ್ ನೋಡುತ್ತಿದ್ದೇನೆ...

ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಇದ್ದೆ. ನಮ್ಮ ಹಾಡಿನ ಗ್ರೂಪಿಗೆ ರಹಮತಣ್ಣನ ನಂಬರಿನಿಂದಲೇ ಮೆಸೇಜ್ ಬಂತು.
"ಅಬ್ಬಾಗೆ ಹಾರ್ಟ್ ಅಟ್ಯಾಕ್ ಆಯ್ತು. ಹೋಗ್ಬುಟ್ರು. ನಾನು ಅವರ ಮಗಳು."

ಅದರ ಕೆಳಗೆ ಎರಡು ಥಂಬ್ಸ್ ಅಪ್.
ಹೆಸರು ನೋಡಿ, ಓದದೆ ಒತ್ತಿದ್ದು.
ಒಂದು ನನ್ನದು...

ತೆಗೆದೆ. ಆಮೇಲೆ ಕ್ಲಾಸಿಗೆ ಹೋಗಿ ಸಂಧಿ ಪಾಠ ಮಾಡಿದೆ. ಹೇಗೆ ಮಾಡಿದೆನೋ ಗೊತ್ತಿಲ್ಲ.
ಅಳು ಬಂದಿಲ್ಲ. ಇನ್ನೂ ಬಂದಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ...
ರಹಮತಣ್ಣ ಚನ್ನಪಟ್ಟಣದಲ್ಲಿ ಗೊಂಬೆ ಮಾಡುತ್ತಿದ್ದರು. ಮೂವತ್ತು ವರ್ಷ ಮರ ತಿರುಗಿಸುವ ಲೇತ್ ಯಂತ್ರದ ಮುಂದೆ ಕೂತು ಮರಕ್ಕೆ ಅರಗಿನ ಬಣ್ಣ ಕೊಟ್ಟವರು.
ಮಾಗಡಿ, ಕನಕಪುರ, ಬಿಡದಿ, ರಾಮನಗರ... ಮನೆಯಲ್ಲೇ ಫೋನಿನಲ್ಲಿ ಹಾಡು ರೆಕಾರ್ಡ್ ಮಾಡುವ ನಮ್ಮ ಹನ್ನೊಂದು ಜನರ ಗ್ರೂಪಿನಲ್ಲಿ ಅವರೂ ಒಬ್ಬರು.

ನಾನು ಮೊದಲ ಸಲ ನನ್ನದೊಂದು ಹಾಡು ಹಾಕಿದಾಗ ಎಲ್ಲರೂ "ಸೂಪರ್ ಮೇಡಂ" ಅಂದರು.
ರಹಮತಣ್ಣ ಏನೂ ಬರೆಯಲಿಲ್ಲ. ಮಾರನೇ ದಿನ ಫೋನ್ ಮಾಡಿದರು.

"ಟೀಚರಮ್ಮ, ಮೂರು ಸಲ ಕೇಳ್ದೆ. ಬೇಜಾರ್ ಮಾಡ್ಕಬೇಡಿ..."
"ಹೇಳಿ ಅಣ್ಣ."
"ಪಲ್ಲವೀಲಿ ನೀವು ಹಾಡ್ತಾ ಇಲ್ಲ. ಪಾಠ ಮಾಡ್ತಾ ಇದ್ದೀರ."

ನನಗೆ ಸಿಟ್ಟು ಬಂತು. ಎರಡು ದಿನ ಗ್ರೂಪ್ ತೆರೆಯಲಿಲ್ಲ.
ಮೂರನೇ ದಿನ ನನ್ನ ಹಾಡನ್ನು ನಾನೇ ಕೂತು ಕೇಳಿದೆ.
ಪಾಠವೇ ಮಾಡುತ್ತಿದ್ದೆ.
ಮತ್ತೆ ಹಾಡಿದೆ. ಅವತ್ತಿನಿಂದ ರಹಮತಣ್ಣ ಕೇಳದ ಹೊರತು ನನ್ನ ಯಾವ ಹಾಡೂ ಮುಗಿದಂತೆ ಅನ್ನಿಸುತ್ತಿರಲಿಲ್ಲ.

ರಹಮತಣ್ಣಾ...
ಎಲ್ಲರ ಹಾಡನ್ನೂ ಕೇಳಿದ ನೀವು ನಿಮ್ಮದನ್ನು ಹಾಕಿದ್ದು ಒಂದೇ ಸಲ. ನೀವೇ ಬರೆದದ್ದು, ಹಾರ್ಮೋನಿಯಂ ಹಿಡಿದು ಹಾಡಿದ್ದು.
ನಾವೆಲ್ಲ ಹೊಗಳಿದೆವು. "ಎಂಡಿಂಗ್ ಅಂತೂ ತುಂಬಾ ಚೆನ್ನಾಗಿದೆ ಅಣ್ಣ" ಅಂತ ನಾನು ಬರೆದೆ.
ನೀವು ಫೋನ್ ಮಾಡಿದಿರಿ.

"ಟೀಚರಮ್ಮ, ಎಂಡಿಂಗೇ ಇಲ್ವಲ್ಲ ಅದ್ರಲ್ಲಿ. ಕಟ್ ಮಾಡೋವಾಗ ಅರ್ಧಕ್ಕೇ ನಿಂತೋಗ್ಬುಟ್ಟೈತೆ."

ಅಂದು ನಕ್ಕಿರಿ. ಬೈದಿದ್ದರೆ ಚೆನ್ನಾಗಿತ್ತು.

ಆ ಭಾನುವಾರ ನಾಚಿಕೆ ತಡೆಯದೆ ಚನ್ನಪಟ್ಟಣದ ಬಸ್ ಹತ್ತಿದೆ. ನಿಮ್ಮ ವರ್ಕ್‌ಶಾಪಿನ ಪಕ್ಕದ ಕೋಣೆಯಲ್ಲಿ ಕೂತು, ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿದೆ.
"ಅಣ್ಣ, ಬಲಗಡೆ ಹಾರ್ಮೋನಿಯಂ ತುಂಬಾ ಜೋರು. ನಿಮ್ಮ ದನಿ ಮುಚ್ಚಿಹೋಗಿದೆ" ಅಂದೆ.
ನೀವು ಬಲಗಿವಿ ಮುಟ್ಟಿಕೊಂಡಿರಿ.

"ಆ ಕಡೆ ಕಿವಿ ಕೇಳ್ಸಲ್ಲ ಟೀಚರಮ್ಮ. ಲೇತ್ ಸದ್ದಿಗೆ ಹೋಗೈತೆ. ಕೇಳ್ಲಿ ಅಂತ ಏರಿಸ್ತಾ ಹೋದೆ. ಮನೇಲಿ ಯಾರ್ಗೂ ಹೇಳಿಲ್ಲ."

ಒಂದೇ ಕಿವಿಯಲ್ಲಿ ನಮ್ಮೆಲ್ಲರ ತಪ್ಪನ್ನೂ ಹಿಡಿದಿದ್ದಿರಿ.

ಮೊನ್ನೆ ಸೋಮವಾರ ಹೊಸದಾಗಿ ರೆಕಾರ್ಡ್ ಮಾಡಿ ನನಗೊಬ್ಬಳಿಗೇ ಕಳಿಸಿದಿರಿ. ಹಾರ್ಮೋನಿಯಂ ಇಲ್ಲ. ಬರೀ ದನಿ.
"ನಿಜ ಹೇಳಿ" ಅಂತ ಬರೆದಿದ್ದಿರಿ.
ನಾನೂ ಮೂರು ಸಲ ಕೇಳಿದೆ. "ಎರಡನೇ ಚರಣದ ಕೊನೆಗೆ ದನಿ ನಡುಗಿ ಶ್ರುತಿ ಇಳಿದಿದೆ ಅಣ್ಣ. ಅದೊಂದು ತಿದ್ದಿ" ಅಂದೆ.
"ಸರಿ, ಈ ಭಾನುವಾರ ಮಾಡ್ತೀನಿ" ಅಂದಿರಿ.
ಇವತ್ತು ಗುರುವಾರ...

ಮಧ್ಯಾಹ್ನ ರಜೆ ಹಾಕಿ ಹೊರಟೆ. ರಾಮನಗರದಲ್ಲಿ ಬಸ್ ಬದಲಿಸಿ ಅವರ ಮನೆ ಸೇರುವಷ್ಟರಲ್ಲಿ ಗಂಡಸರೆಲ್ಲ ಖಬರಸ್ತಾನಕ್ಕೆ ಹೋಗಿಯಾಗಿತ್ತು. ಮುಖ ನೋಡಲು ಆಗಲಿಲ್ಲ.

ರಹಮತಣ್ಣನ ಹೆಂಡತಿ ಶಬಾನಕ್ಕ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಅವರೂ ಅಳುತ್ತಿರಲಿಲ್ಲ.

"ಮಾಗಡಿ ಟೀಚರಮ್ಮ ನೀವೇನಾ? ನಿಮ್ಗೆ ಒಂದು ಹಾಡು ಕಳ್ಸಿದ್ರಂತಲ್ಲ ಇವ್ರು. ಇದ್ರೆ ಹಾಕಿ."

ಹಾಕಿದೆ. ಇಬ್ಬರೂ ತಲೆ ತಗ್ಗಿಸಿ ಕೇಳಿದೆವು. ಎರಡನೇ ಚರಣದ ಕೊನೆ ಬಂತು. ಅವರು ನನ್ನ ಕೈ ಹಿಡಿದರು.

"ಇಲ್ಲೇ... ಇಲ್ಲಿ ನಾನು ಟೀ ತಗಂಡು ಒಳಕ್ಕೆ ಹೋದೆ. ನನ್ ಮುಂದೆ ಯಾವತ್ತೂ ಹಾಡ್ದೋರಲ್ಲ. ನಾಚ್ಕಂಡ್ರು. ನಿಲ್ಲುಸ್ತಾರೆ ಅನ್ಕಂಡೆ... ನಿಲ್ಲುಸ್ಲಿಲ್ಲ. ನನ್ನೇ ನೋಡ್ಕಂಡು ಪೂರ್ತಿ ಹಾಡುದ್ರು."

ಹಾಡು ಮುಗಿದ ಮೇಲೆ ಕೇಳಿದರು.
"ಭಾನುವಾರ ಮತ್ತೆ ಹಾಡ್ಬೇಕು, ನೀನು ಆಚೆ ಇರು ಅಂದಿದ್ರು. ಯಾಕೆ? ಹಾಡಲ್ಲಿ ತಪ್ಪೈತಾ?"

ಫೋನ್ ಕೆಳಗಿಟ್ಟೆ.
"ಇಲ್ಲ ಶಬಾನಕ್ಕ. ತಪ್ಪು ನಂದು. ನಾನೇ ಸರಿಯಾಗಿ ಕೇಳಿರಲಿಲ್ಲ" ಅಂದೆ.

"ಹಂಗಾರೆ ಎಲ್ರಿಗೂ ಕೇಳುಸಿ."

ಅವರು ಹೇಳಿದಂತೆ ಹಾಡನ್ನು ಕೆಳಗೆ ಹಾಕಿದ್ದೇನೆ. ನಾಲ್ಕು ನಿಮಿಷ ಇದೆ. ಏನನ್ನೂ ತಿದ್ದಿಲ್ಲ.

ನೆಮ್ಮದಿಯಾಗಿ ಮಲಗಿ ರಹಮತಣ್ಣ.
ನಿಮ್ಮ ಜೀವಕ್ಕೆ ಶಾಂತಿ ಇರಲಿ... ಮನೆಯವರಿಗೆ ತಡೆದುಕೊಳ್ಳುವ ಶಕ್ತಿ ಬರಲಿ.
🙏