ಅಳಿಸುವ ಮೊದಲು ಬಾಯಿಬಿಟ್ಟೆ

“ವೈರಸ್ ಹೊಕ್ಕಿರಬೇಕು. ಎಲ್ಲ ಅಳಿಸಬೇಕು, ಹಳೆಯ ಲೆಕ್ಕ ಉಳಿಯುವುದಿಲ್ಲ” ಎಂದು ಕಂಪ್ಯೂಟರ್ ರಿಪೇರಿಯ ಜಿಗ್ನೇಶ್‌ಭಾಯಿ ಹಿಂದಿಯಲ್ಲಿ ಹೇಳಿದಾಗ ಅತ್ತಿಗೆ ಕುರ್ಚಿಯಲ್ಲಿ ಕುಸಿದು ಕುಳಿತರು. ಅಣ್ಣನಿಗೆ ಅಹಮದಾಬಾದಿಗೆ ವರ್ಗವಾದಂದಿನಿಂದ ಮನೆಯ ಪ್ರತಿ ಖರ್ಚನ್ನೂ ಅವರು ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ತುಂಬಿಸಿಟ್ಟಿದ್ದರು. ಹಿಂದಿನ ದಿನ ಅದರ ಹೊಸ ಆವೃತ್ತಿಯ ಸಿ.ಡಿ. ಹಾಕಿದ ಮೇಲೆ ಅದು ತೆರೆಯುತ್ತಲೇ ಇರಲಿಲ್ಲ.

ಕಾರಣ ನನಗೆ ಗೊತ್ತಿತ್ತು. ಗ್ರೈಂಡರ್, ಕಂಪ್ಯೂಟರ್ ಒಟ್ಟಿಗೆ ನಡೆದರೆ ನಮ್ಮ ಫ್ಲ್ಯಾಟಿನ ಫ್ಯೂಸ್ ಹೋಗುತ್ತಿತ್ತು. ಅತ್ತಿಗೆ ಸಿ.ಡಿ. ಹಾಕಿಟ್ಟು ಹಾಲು ತರಲು ಕೆಳಗೆ ಹೋಗಿದ್ದಾಗ, ಇಡ್ಲಿಗೆ ರುಬ್ಬುವ ಅವಸರದಲ್ಲಿ ನಾನು ಕಂಪ್ಯೂಟರಿನ ಸ್ವಿಚ್ ಆರಿಸಿದ್ದೆ. ಕೆಲಸ ಮುಗಿದು ಅದು ತಾನೇ ಆರಿದೆ ಎಂದು ಅತ್ತಿಗೆ ತಿಳಿದಿದ್ದರು. ಐದನೆಯ ತರಗತಿಗೇ ಶಾಲೆ ಬಿಟ್ಟವಳು ನಾನು. ಹೇಳಿದರೆ ನಗುತ್ತಾರೆಂದು ಸುಮ್ಮನಿದ್ದೆ.

“ಅತ್ತಿಗೆ, ನಿನ್ನೆ ಸ್ವಿಚ್ ಆರಿಸಿದ್ದು ನಾನು. ಆಗ ಪರದೆಯಲ್ಲಿ ನೀಲಿ ಪಟ್ಟಿ ಅರ್ಧ ತುಂಬಿತ್ತು” ಎಂದೆ.

“ನಿನ್ನೆಯಿಂದ ಬಾಯಲ್ಲಿ ಎಂತ ಇಡ್ಲಿ ಇಟ್ಕೊಂಡಿದ್ಯಾ ಮಾರಾಯ್ತಿ?” ಎಂದು ಅಣ್ಣ ರೇಗಿದ.

ಅತ್ತಿಗೆ ನನ್ನ ಮಾತನ್ನು ಹಿಂದಿಯಲ್ಲಿ ತಿಳಿಸಿದ್ದೇ ತಡ, ಜಿಗ್ನೇಶ್‌ಭಾಯಿಯ ಮುಖ ಅರಳಿತು. ಹಾಗಾದರೆ ವೈರಸ್ ಅಲ್ಲ, ಅರ್ಧಕ್ಕೆ ನಿಂತದ್ದನ್ನು ತೆಗೆದು ಮತ್ತೆ ಹಾಕಿದರೆ ಸಾಕು ಎಂದರು. ನಾವು ಮೂವರೂ ಪರದೆಯ ಮುಂದೆ ನಿಂತೆವು. ನೀಲಿ ಪಟ್ಟಿ ಪೂರ್ತಿ ತುಂಬಿತು. ಊರಿನಿಂದ ಬಂದಿಳಿದ ದಿನದ ಆಟೋ ಬಾಡಿಗೆಯಿಂದ ಹಿಡಿದು ಎಲ್ಲವೂ ಪರದೆಯ ಮೇಲೆ ಬಂತು. ಅತ್ತಿಗೆ ನನ್ನನ್ನು ಬಾಚಿ ತಬ್ಬಿಕೊಂಡರು.

ಕೂಡಲೇ ಹೇಳಿದ್ದರೆ ಅವರು ಒಂದು ರಾತ್ರಿ ನಿದ್ದೆಗೆಡುತ್ತಿರಲಿಲ್ಲ ಎಂಬುದು ಈಗಲೂ ಚುಚ್ಚುತ್ತದೆ. ಆದರೆ ಕೊನೆಗೆ ಆ ಲೆಕ್ಕ ಉಳಿದದ್ದು ನನ್ನ ಮಾತಿನಿಂದಲೇ ಎಂಬ ಹೆಮ್ಮೆ ಅದಕ್ಕಿಂತ ದೊಡ್ಡದು.