ಆನೆಯ ಹಾಳೆ

ಇಳಕಲ್ಲಿನ ನಮ್ಮ ಓಣಿಯ ವಾಚನಾಲಯ ನೋಡಿಕೊಳ್ಳುತ್ತಿದ್ದವರು ಮಾತಿಗಿಂತ ಮೊದಲು ಆಕಳಿಸುತ್ತಿದ್ದರು. ಎಂಬತ್ತರ ದಶಕದಲ್ಲಿ, ಕೆಲಸವಿಲ್ಲದ ನಾನು ಪೇಪರ್ ಓದುವ ನೆಪದಲ್ಲಿ ಅಲ್ಲಿ ಕೂತು ಆ ಆಕಳಿಕೆ ಕಲಿತು, ಚಹಾದಂಗಡಿಯಲ್ಲಿ ಮಾಡಿ ತೋರಿಸುತ್ತಿದ್ದೆ. ನನ್ನ ದೊಡ್ಡ ಬಾಯಿಗೆ ಸಿಕ್ಕ ಒಂದೇ ಉದ್ಯೋಗ ಅದು.

ಸಣ್ಣ ಮಕ್ಕಳಿದ್ದವರೆಲ್ಲ ಬಂದು ಅಂಕಲಿಪಿಯನ್ನೇ ಕೇಳುತ್ತಿದ್ದರು. ವಾಚನಾಲಯದವರು ದಣಿದ ದನಿಯಲ್ಲಿ, “ನಿಮ್ಮ ಕೂಸು ಹಾದ್ಯಾಗ ಏನ್ ನೋಡಿದ್ರ ನಿಂದರ್ತೈತ್ರಿ?” ಎನ್ನುತ್ತಿದ್ದರು. ಉತ್ತರ ಸಿಕ್ಕ ಮೇಲೆಯೇ ಕಪಾಟಿನಿಂದ ಚಿತ್ರಪುಸ್ತಕ ಇಳಿಯುತ್ತಿತ್ತು.

“ಆನಿ ನೋಡಿದ್ರ ನಿಂದರ್ತಾನ್ರಿ,” ಎಂದ ಒಬ್ಬ ನೇಕಾರ ಮಗನಿಗಾಗಿ ಕಾಡುಪ್ರಾಣಿಗಳ ಪುಸ್ತಕ ಒಯ್ದ. ವಾರದ ಮೇಲೆ ತಿರುಗಿ ತಂದಾಗ ಆನೆಯ ಹಾಳೆಯೇ ಇರಲಿಲ್ಲ.

“ಹರಕೊಂಡಾನ್ರಿ. ದಿಂಬಿನ ಬುಡಕ ಇಟ್ಕೊಂಡ ಮಲಗ್ತಾನ. ಕಸಗೊಂಡ್ರ ಅಳ್ತಾನ್ರಿ,” ಎಂದು ತಲೆ ತಗ್ಗಿಸಿದ. “ಇನ್ನ ನಮಗ ಪುಸ್ತಕ ಕೊಡೂದಿಲ್ಲೇನ್ರಿ?”

ಇವರು ಉದ್ದಕ್ಕೆ ಆಕಳಿಸಿ, ಪುಸ್ತಕವನ್ನು ಮತ್ತೆ ಅವನ ಕೈಯಲ್ಲೇ ಇಟ್ಟರು.

“ಆನಿ ನಿಮ್ಮ ಮನ್ಯಾಗ ಐತಿ. ಬರೇ ಕಾಡು ಇಟ್ಕೊಂಡು ನಾ ಏನ್ ಮಾಡ್ಲಿ? ಇದನ್ನೂ ಒಯ್ರಿ. ಮುಂದಿನ ವಾರ ಬ್ಯಾರೆ ಒಯ್ಯಾಕ ಬರ್ರಿ.”

ಅವನು ಹೋದ ಮೇಲೆ ನನ್ನತ್ತ ತಿರುಗಿದರು. “ಇದನ್ನೂ ಚಹಾದಂಗಡ್ಯಾಗ ಮಾಡಿ ತೋರಸ್ತಿ ಏನಲೇ?”

ತೋರಿಸಿದೆ. ಆಕಳಿಕೆಗೆ ಎಲ್ಲರೂ ನಕ್ಕರು. ಚಹಾದವನು ಮಾತ್ರ ನಗದೆ, ಕಪ್ಪು-ಬಸಿ ಒರೆಸುತ್ತ ಕೇಳಿದ: “ನಮ್ಮ ಹುಡುಗಿ ಕೋಳಿ ನೋಡಿದ್ರ ನಿಂದರ್ತಾಳ. ಕೋಳಿ ಪುಸ್ತಕ ಐತೇನಲೇ ಅಲ್ಲಿ?”