ಯಾವ ಆಟದಲ್ಲಿ?

ಗ್ರೀಸಿನ ವೋಲೋಸ್ ಬಂದರಿನ ಬೀದಿಯಲ್ಲಿ ಇಂಗ್ಲಿಷ್ ಟ್ಯೂಷನ್ ಹೇಳುವ ಪೊಲಿಕ್ಸೇನಿಗೆ, ಎದುರಾಳಿಯನ್ನು ‘ವಿನ್’ ಮಾಡಿದೆವು ಎಂದವರನ್ನು ಕಂಡರೆ ಮೈ ಉರಿಯುತ್ತದೆ. ಗ್ರೀಕಿನಲ್ಲಿ ಪಂದ್ಯ ಗೆಲ್ಲುವುದಕ್ಕೂ ಮನುಷ್ಯನನ್ನು ಸೋಲಿಸುವುದಕ್ಕೂ ಒಂದೇ ಪದ ಸಾಕು, ಇಂಗ್ಲಿಷಿನಲ್ಲಿ ನಡೆಯದು. “ಪಂದ್ಯ ಆದ್ರೆ ವಿನ್, ಮನುಷ್ಯ ಆದ್ರೆ ಬೀಟ್! ಹೊಡೆಯೋದಕ್ಕೂ ಅದೇ ಪದ, ಏನ್ಮಾಡೋದು, ಇಂಗ್ಲಿಷರು ಜಿಪುಣರು!” ಎಂದು ಮೇಜು ಕುಟ್ಟುತ್ತಾಳೆ. ಮೀನಿನವನು ತನ್ನ ತಂಡ ಗೆದ್ದ ಸುದ್ದಿ ಹೇಳಿದರೆ, ಅದನ್ನು ಇಂಗ್ಲಿಷಿನಲ್ಲಿ ಹೇಳಿಸದೆ ಮೀನು ಕೊಳ್ಳುವುದಿಲ್ಲ. ಯಾರಾದರೂ ‘ಬೀಟ್’ ಸರಿಯಾಗಿ ಬಳಸಿದರೆ, “ಭೇಷ್! ಯಾವ ಆಟದಲ್ಲಿ?” ಎಂದು ಕೇಳುವುದು ರೂಢಿ. ನಿನ್ನೆ, ಹೋಟೆಲ್ ಕೆಲಸಕ್ಕೆಂದು ಇಂಗ್ಲಿಷ್ ಕಲಿಯುವ ಸ್ತಮಾತಿಯಾ ಎದ್ದು ನಿಂತು, ಗಂಡ ತನ್ನನ್ನು ‘ಬೀಟ್’ ಮಾಡಿದ ಎಂಬ ವಾಕ್ಯವನ್ನು ತಪ್ಪಿಲ್ಲದೆ ಹೇಳಿದಳು. “ಭೇಷ್! ಯಾವ ಆಟದಲ್ಲಿ?” ಸ್ತಮಾತಿಯಾ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು. “ಆಟ ಅಲ್ಲ, ಟೀಚರ್. ವಾಕ್ಯ ಸರಿ ಇದೆ ತಾನೇ?”